ಬರೀ ಮರಳಿದ್ದ ಊರಲ್ಲ

ದುಬೈಗೆ ಹೋಗಿ ಬಂದವರು ಹೇಳುವ ಕಥೆ ಹೆಚ್ಚು ಕಡಿಮೆ ಒಂದೇ ರೀತಿ ಶುರುವಾಗುತ್ತದೆ. "ಐವತ್ತು ವರ್ಷದ ಹಿಂದೆ ಅಲ್ಲಿ ಏನೂ ಇರಲಿಲ್ಲವಂತೆ, ಬರೀ ಮರಳು." ಟೂರ್ ಬಸ್ಸಿನ ಗೈಡ್ ಮೈಕು ಹಿಡಿದು ಹೇಳುವುದೂ ಇದನ್ನೇ. ಎಣ್ಣೆ ಸಿಕ್ಕಿತು, ದುಡ್ಡು ಹರಿಯಿತು, ಮರಳಿನಿಂದ ಗಗನಚುಂಬಿಗಳು ಎದ್ದವು. ಬಸ್ಸಿನಲ್ಲಿ ಕುಳಿತವರು ಕಿಟಕಿಯಾಚೆ ನೋಡಿ ತಲೆಯಾಡಿಸುತ್ತಾರೆ. 2023ರಲ್ಲಿ ಈ ಊರಿಗೆ ಬಂದು ತಂಗಿದ ಪ್ರವಾಸಿಗರು 1 ಕೋಟಿ 71 ಲಕ್ಷ. ಅವರಲ್ಲಿ 24 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು. ಬೇರೆ ಯಾವ ದೇಶದಿಂದಲೂ ಅಷ್ಟು ಜನ ಬಂದಿರಲಿಲ್ಲ. ಮುಂಬೈಯಿಂದ ವಿಮಾನ ಹತ್ತಿದರೆ ಮೂರು ತಾಸಿನ ದಾರಿ. ನಾಲ್ಕು ರಾತ್ರಿ ಐದು ಹಗಲಿನ ಪ್ಯಾಕೇಜು, ಸಿಟಿ ಟೂರು, ಡೆಸರ್ಟ್ ಸಫಾರಿ, ಮಾಲು, ಬುರ್ಜ್ ಖಲೀಫಾದ ಮೇಲೊಂದು ಫೋಟೊ. ಅಲ್ಲಿಗೆ ದುಬೈ ಮುಗಿಯಿತು.

ಆ ಕಥೆ ಪೂರ್ತಿ ಸುಳ್ಳೇನಲ್ಲ. 1968ರ ಜನಗಣತಿಯಲ್ಲಿ ದುಬೈನ ಜನಸಂಖ್ಯೆ 60 ಸಾವಿರವನ್ನೂ ಮುಟ್ಟಿರಲಿಲ್ಲ. ಇಂದು 36 ಲಕ್ಷ ದಾಟಿದೆ. ಆದರೆ "ಏನೂ ಇರಲಿಲ್ಲ" ಎನ್ನುವ ಮಾತಿನಲ್ಲಿ ಬಹಳಷ್ಟು ಜನ ಅಳಿಸಿಹೋಗುತ್ತಾರೆ. ಸಮುದ್ರದ ತಳಕ್ಕೆ ಮುಳುಗಿ ಮುತ್ತು ತಂದವರು, ಇರಾನಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ವರ್ತಕರು, ಸಿಂಧ್ ಮತ್ತು ಕಚ್ಛಿನ ಲೆಕ್ಕದ ಪುಸ್ತಕದವರು, ಮುಂಬೈಯ ಮುತ್ತಿನ ಪೇಟೆ, ಭಾರತದ ರೂಪಾಯಿ. ಊರು ಬರಿದಾಗಿತ್ತು ಎಂದು ಒಪ್ಪಿಕೊಂಡರೆ ಅದನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೂ ಒಂದೇ ಪದದ ಉತ್ತರ ಸಾಕಾಗುತ್ತದೆ: ಎಣ್ಣೆ. ಆ ಉತ್ತರ ತಪ್ಪು.

ಇದನ್ನು ತಿಳಿಯಲು ಬೇರೆ ಪ್ರವಾಸ ಬೇಕಿಲ್ಲ. ಸಾಮಾನ್ಯ ಸಿಟಿ ಟೂರ್ ಬಸ್ಸು ಹೋಗುವ ದಾರಿಯೇ ಸಾಕು. ಬೆಳಿಗ್ಗೆ ಹಳೆಯ ದುಬೈನ ಕ್ರೀಕ್ ಬಳಿ ಹೊರಟು, ಚಿನ್ನದ ಪೇಟೆ ದಾಟಿ, ಜುಮೇರಾ ಕಡಲತೀರದ ಗುಂಟ ಸಾಗಿ, ಸಂಜೆ ಬುರ್ಜ್ ಖಲೀಫಾದ ಬುಡದಲ್ಲಿ ನಿಲ್ಲುವ ಆ ಬಸ್ಸು ಊರಿನ ಇತಿಹಾಸವನ್ನೂ ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಹಾದುಹೋಗುತ್ತದೆ.

ಖಾಡಿಯ ದಂಡೆ

ಕ್ರೀಕ್ ಎಂದರೆ ಒಳನಾಡಿಗೆ ಚಾಚಿಕೊಂಡ ಸಮುದ್ರದ ನಾಲಗೆ. ಮುಂಬೈಯವರು ಖಾಡಿ ಎನ್ನುವಂಥದ್ದು. ಅದರ ಒಂದು ದಂಡೆಯಲ್ಲಿ ಬರ್ ದುಬೈ, ಇನ್ನೊಂದರಲ್ಲಿ ದೇರಾ. ನಡುವೆ ಅಬ್ರಾ ಎಂಬ ಮರದ ದೋಣಿಗಳು ಓಡಾಡುತ್ತವೆ. ಒಂದು ದಿರ್ಹಮ್ ಕೊಟ್ಟರೆ ಆಚೆ ದಡ. ಇಷ್ಟು ದುಬಾರಿ ಊರಿನಲ್ಲಿ ಪ್ರವಾಸಿಗೆ ಇಷ್ಟು ಅಗ್ಗದಲ್ಲಿ ಸಿಗುವ ಸಂತೋಷ ಇನ್ನೊಂದಿಲ್ಲ.

1833ರಲ್ಲಿ ಅಬುಧಾಬಿಯ ಬನಿ ಯಾಸ್ ಬುಡಕಟ್ಟಿನ ಒಂದು ಶಾಖೆ, ಸುಮಾರು 800 ಜನ, ಅಲ್ಲಿನ ಆಳರಸನೊಂದಿಗೆ ಮನಸ್ತಾಪವಾಗಿ ಈ ಖಾಡಿಯ ದಂಡೆಗೆ ಬಂದು ನೆಲೆಸಿತು. ಮುಂದಾಳುಗಳಲ್ಲಿ ಒಬ್ಬ ಮಕ್ತೂಮ್ ಬಿನ್ ಬುತಿ. ಇಂದಿಗೂ ಆಳುತ್ತಿರುವುದು ಅವನ ವಂಶವೇ. ಅವರು ಬರುವ ಮೊದಲೂ ಅಲ್ಲಿ ಮೀನುಗಾರರ ಊರಿತ್ತು, ಮಣ್ಣು ಮತ್ತು ಹವಳದ ಕಲ್ಲಿನ ಕೋಟೆಯಿತ್ತು. ಆ ಅಲ್ ಫಹಿದಿ ಕೋಟೆಯೇ 1971ರಲ್ಲಿ ಮ್ಯೂಸಿಯಂ ಆಯಿತು.

ಆಗ ಈ ಕರಾವಳಿಯ ಮೇಲೆ ಕಣ್ಣಿಟ್ಟಿದ್ದವರು ಬ್ರಿಟಿಷರು, ಅದೂ ಲಂಡನ್ನಿನಿಂದಲ್ಲ, ಮುಂಬೈಯಿಂದ. 1819ರಲ್ಲಿ ರಾಸ್ ಅಲ್ ಖೈಮಾದ ಮೇಲೆ ದಂಡೆತ್ತಿ ಹೋದ ಪಡೆ ಹೊರಟದ್ದು ಮುಂಬೈ ಬಂದರಿನಿಂದ. ಮರುವರ್ಷ ಕರಾವಳಿಯ ಶೇಖ್‌ಗಳು ಒಪ್ಪಂದಕ್ಕೆ ಸಹಿ ಹಾಕಿದರು. 1853ರಲ್ಲಿ ಸಮುದ್ರದ ಮೇಲೆ ಶಾಶ್ವತ ಕದನವಿರಾಮದ ಇನ್ನೊಂದು ಒಪ್ಪಂದವಾಯಿತು. ಕೊಲ್ಲಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ರೆಸಿಡೆಂಟ್ 1873ರವರೆಗೆ ಮುಂಬೈ ಸರ್ಕಾರಕ್ಕೆ, ಆಮೇಲೆ ಭಾರತ ಸರ್ಕಾರಕ್ಕೆ ವರದಿ ಒಪ್ಪಿಸುತ್ತಿದ್ದ. ಹೀಗಾಗಿ ನೂರಕ್ಕೂ ಹೆಚ್ಚು ವರ್ಷ ದುಬೈನ ಆಡಳಿತದ ಕಾಗದಪತ್ರಗಳು ಹರಿದದ್ದು ಭಾರತದ ಕಡೆಗೆ.

ಊರಿನ ಅದೃಷ್ಟ ತಿರುಗಿದ್ದು 20ನೇ ಶತಮಾನದ ಆರಂಭದಲ್ಲಿ. ಖಾರಿಯ ಆಚೆ ದಡದಲ್ಲಿ, ಇರಾನಿನ ಕರಾವಳಿಯಲ್ಲಿ, ಲಿಂಗಾ ಎಂಬ ದೊಡ್ಡ ವ್ಯಾಪಾರಿ ಬಂದರಿತ್ತು. ಇರಾನ್ ಸರ್ಕಾರ ಅಲ್ಲಿ ಸುಂಕ ಬಿಗಿ ಮಾಡಿತು. ಇದೇ ಹೊತ್ತಿಗೆ ದುಬೈನ ಶೇಖ್ ಮಕ್ತೂಮ್ ಬಿನ್ ಹಶೆರ್ ತನ್ನ ಬಂದರಿನಲ್ಲಿ ಸುಂಕವನ್ನೇ ತೆಗೆದುಹಾಕಿ, ಬರುವ ವರ್ತಕರಿಗೆ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟ. ಲಿಂಗಾದ ವ್ಯಾಪಾರಿಗಳು ದೋಣಿ ಹತ್ತಿ ಈಚೆ ಬಂದರು. ಮುಂಬೈಯ ಉಗಿಹಡಗುಗಳೂ ದುಬೈಯಲ್ಲಿ ನಿಲ್ಲತೊಡಗಿದವು. ಇರಾನಿನ ಬಸ್ತಕ್ ಪ್ರದೇಶದಿಂದ ಬಂದವರು ಕಟ್ಟಿಕೊಂಡ ಕೇರಿಗೆ ಬಸ್ತಕಿಯಾ ಎಂದು ಹೆಸರಾಯಿತು. ಈಗ ಅದರ ಅಧಿಕೃತ ಹೆಸರು ಅಲ್ ಫಹಿದಿ. ಅಲ್ಲಿನ ಮನೆಗಳ ಮೇಲೆ ಎದ್ದು ನಿಂತ ಚೌಕ ಗೋಪುರಗಳ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಬರ್ಜೀಲ್ ಎನ್ನುವ ಆ ಗೋಪುರ ನಾಲ್ಕೂ ದಿಕ್ಕಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟು ಬರುವ ಮೊದಲಿನ ಏರ್ ಕಂಡಿಷನರ್ ಅದು, ಮತ್ತು ಅದನ್ನು ತಂದವರು ವಲಸೆ ಬಂದವರು.

ಸುಂಕ ಕಡಿಮೆ ಮಾಡು, ಬೇರೆ ಊರಿನ ವ್ಯಾಪಾರಿಯನ್ನು ಕರೆದು ಕೂರಿಸು, ಅವನ ತಂಟೆಗೆ ಹೋಗಬೇಡ. ಎಣ್ಣೆ ಸಿಗುವುದಕ್ಕೆ ಅರವತ್ತು ವರ್ಷ ಮೊದಲೇ ದುಬೈ ಈ ಪಾಠ ಕಲಿತಿತ್ತು. ಮುಂದೆ ಮಾಡಿದ್ದೆಲ್ಲ ಅದನ್ನೇ ದೊಡ್ಡದಾಗಿ ಮಾಡಿದ್ದು.

ಬಸ್ರಾ ಮುತ್ತು

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒಳ್ಳೆಯ ಮುತ್ತನ್ನು "ಬಸ್ರಾ ಮುತ್ತು" ಎನ್ನುತ್ತಿದ್ದರು. ಬಸ್ರಾ ಇರುವುದು ಇರಾಕಿನಲ್ಲಿ. ಆದರೆ ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮುತ್ತುಗಳು ಬಹುಪಾಲು ಬಹ್ರೇನ್, ಕತಾರ್, ಅಬುಧಾಬಿ, ದುಬೈ ಕಡೆಯ ಕಡಲತಳದವು. ಅವು ಬಂದು ಸೇರುತ್ತಿದ್ದದ್ದು ಮುಂಬೈಗೆ. ಅಲ್ಲಿ ತೂಕ ಮಾಡಿ, ಬಣ್ಣ ಗಾತ್ರ ನೋಡಿ ವಿಂಗಡಿಸಿ, ತೂತು ಕೊರೆದು, ಪ್ಯಾರಿಸ್ಸಿಗೂ ಲಂಡನ್ನಿಗೂ ಹೈದರಾಬಾದಿನಂಥ ಸಂಸ್ಥಾನಗಳಿಗೂ ಕಳಿಸುತ್ತಿದ್ದರು. ಮುಂಬೈ ಪೇಟೆಯಲ್ಲಿ ದರ ಕುಸಿದರೆ ದುಬೈಯಲ್ಲಿ ಮನೆಗಳ ಒಲೆ ತಣ್ಣಗಾಗುತ್ತಿತ್ತು.

ಮುತ್ತಿನ ಹಂಗಾಮು ಬೇಸಿಗೆಯ ನಾಲ್ಕು ತಿಂಗಳು. ಊರಿನ ದುಡಿಯುವ ಗಂಡಸರಲ್ಲಿ ಹೆಚ್ಚಿನವರು ದೋಣಿ ಏರಿ ಹೋಗುತ್ತಿದ್ದರು. ಮುಳುಗುವವನು ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲು ಕಟ್ಟಿದ ಹಗ್ಗ ಹಿಡಿದು ತಳ ಮುಟ್ಟುತ್ತಿದ್ದ. ಒಂದು ಒಂದೂವರೆ ನಿಮಿಷದಲ್ಲಿ ಸಿಕ್ಕಷ್ಟು ಚಿಪ್ಪು ಬುಟ್ಟಿಗೆ ತುಂಬಿ ಹಗ್ಗ ಜಗ್ಗುತ್ತಿದ್ದ. ದೋಣಿಯ ಮೇಲೆ ನಿಂತವನು ಅವನನ್ನು ಎಳೆದುಕೊಳ್ಳುತ್ತಿದ್ದ. ದಿನಕ್ಕೆ ಹತ್ತಾರು ಬಾರಿ ಹೀಗೆ. ಕಿವಿ, ಕಣ್ಣು, ಎದೆ ಹಾಳಾಗುತ್ತಿದ್ದವು. ಮುಳುಗುವವರಲ್ಲಿ ಪೂರ್ವ ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. ಅವರ ಗಳಿಕೆ ಯಜಮಾನನಿಗೆ ಸೇರುತ್ತಿತ್ತು.

ಸ್ವತಂತ್ರರಾಗಿದ್ದವರದ್ದೂ ಬಿಡುಗಡೆಯ ಬದುಕೇನಲ್ಲ. ಹಂಗಾಮು ಶುರುವಾಗುವ ಮೊದಲು ದೋಣಿಯ ನಾಖುದಾ ಮುಂಗಡ ಕೊಡುತ್ತಿದ್ದ, ಮನೆಯವರು ನಾಲ್ಕು ತಿಂಗಳು ಉಣ್ಣಲೆಂದು. ನಾಖುದಾ ಆ ಹಣವನ್ನು ವರ್ತಕನಿಂದ ಸಾಲ ತಂದಿರುತ್ತಿದ್ದ. ವರ್ತಕ ಮುಂಬೈಯ ದೊಡ್ಡ ವ್ಯಾಪಾರಿಯಿಂದ ತಂದಿರುತ್ತಿದ್ದ. ಹಂಗಾಮಿನ ಕೊನೆಗೆ ಲೆಕ್ಕ ಹಾಕಿದಾಗ ಮುಳುಗಿದವನ ಪಾಲು ಮುಂಗಡಕ್ಕೆ ಸಮನಾಗುತ್ತಿರಲಿಲ್ಲ. ಉಳಿದ ಬಾಕಿ ಮುಂದಿನ ವರ್ಷಕ್ಕೆ. ಬಾಕಿ ತೀರುವ ತನಕ ಅವನು ಬೇರೆ ದೋಣಿಗೆ ಹೋಗುವಂತಿರಲಿಲ್ಲ. ಅವನು ಸತ್ತರೆ ಸಾಲ ಮಗನ ತಲೆಗೆ ಬರುವುದೂ ಇತ್ತು.

1920ರ ದಶಕದಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಮತ್ತು ಇತರರ ಕೃಷಿ ಮುತ್ತು ಪೇಟೆಗೆ ಬಂತು. ಮೊದಲ ನೋಟಕ್ಕೆ ವ್ಯತ್ಯಾಸ ತಿಳಿಯದ, ಬೆಲೆಯಲ್ಲಿ ಬಹಳ ಅಗ್ಗದ ಮುತ್ತು. 1929ರಲ್ಲಿ ಜಗತ್ತಿನ ಆರ್ಥಿಕ ಕುಸಿತ ಅದಕ್ಕೆ ಜೊತೆಗೂಡಿತು. ಕೆಲವೇ ವರ್ಷಗಳಲ್ಲಿ ಕೊಲ್ಲಿಯ ಮುತ್ತಿನ ಉದ್ಯಮ ನೆಲಕಚ್ಚಿತು. ದುಬೈಯಲ್ಲಿ 1930 ಮತ್ತು 40ರ ದಶಕಗಳು ಹಸಿವಿನ ವರ್ಷಗಳಾದವು. ದೊಡ್ಡ ಯುದ್ಧದ ಕಾಲದಲ್ಲಿ ಅಕ್ಕಿ, ಸಕ್ಕರೆ ಪಡಿತರದಲ್ಲಿ ಬರುತ್ತಿತ್ತು. ಇಂದಿನ ಪ್ರವಾಸಿ ನೋಡುವ ಹೊಳಪಿನ ಹಿಂದೆ ಆ ದಿನಗಳ ಭಯವೂ ಇದೆ. ಒಂದೇ ವಸ್ತುವನ್ನು ನಂಬಿ ಕೂತರೆ ಊರು ಮುಳುಗುತ್ತದೆ ಎನ್ನುವುದನ್ನು ಮುಂದೆ ಆಳಿದವರು ಮರೆಯಲಿಲ್ಲ.

ರೂಪಾಯಿ ನಡೆಯುತ್ತಿದ್ದ ಊರು

ಅಬ್ರಾ ಇಳಿದು ದೇರಾ ಕಡೆ ನಡೆದರೆ ಮಸಾಲೆ ಪೇಟೆ, ಅದರಾಚೆ ಚಿನ್ನದ ಪೇಟೆ. ಇಲ್ಲಿ ಭಾರತದ ಪ್ರವಾಸಿ ಅರೆಗಳಿಗೆ ಊರಲ್ಲೇ ಇದ್ದಂತೆ ಅಂದುಕೊಳ್ಳುತ್ತಾನೆ. ಅಂಗಡಿಯವರು ಹಿಂದಿಯಲ್ಲಿ ಕರೆಯುತ್ತಾರೆ. ಅದು ಪ್ರವಾಸಿಗಾಗಿ ಇತ್ತೀಚೆಗೆ ಕಲಿತ ಭಾಷೆಯಲ್ಲ.

1909ರಲ್ಲಿ ದುಬೈಯಲ್ಲಿ ಅಂಚೆ ಕಚೇರಿ ತೆರೆದದ್ದು ಭಾರತದ ಅಂಚೆ ಇಲಾಖೆ. ಸ್ವಾತಂತ್ರ್ಯ ಬರುವವರೆಗೂ ಅಲ್ಲಿಂದ ಹೊರಟ ಕಾಗದಗಳ ಮೇಲೆ ಭಾರತದ ಅಂಚೆಚೀಟಿ ಇರುತ್ತಿತ್ತು. ಪೇಟೆಯಲ್ಲಿ ನಡೆಯುತ್ತಿದ್ದ ಹಣ ಭಾರತದ ರೂಪಾಯಿ. ಸಿಂಧಿ ಮತ್ತು ಭಾಟಿಯಾ ವ್ಯಾಪಾರಿಗಳು ಬಟ್ಟೆ, ಅಕ್ಕಿ, ಮುತ್ತಿನ ವ್ಯವಹಾರದಲ್ಲಿ ತಲೆಮಾರುಗಳಿಂದ ಇದ್ದರು. 1958ರಲ್ಲಿ ಬರ್ ದುಬೈನ ಕಿರುಗಲ್ಲಿಯಲ್ಲಿ ದೇವಸ್ಥಾನಕ್ಕೂ ಅನುಮತಿ ಸಿಕ್ಕಿತು.

ಚಿನ್ನದ ಕಥೆ ಸ್ವಲ್ಪ ಬೇರೆ. ಸ್ವತಂತ್ರ ಭಾರತ ಚಿನ್ನದ ಆಮದನ್ನು ತಡೆಯಿತು. ಜಗತ್ತಿನ ಪೇಟೆಯಲ್ಲಿ ಔನ್ಸಿಗೆ 35 ಡಾಲರ್ ಇದ್ದ ಚಿನ್ನ ಮುಂಬೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿಗೆ ಮಾರಾಟವಾಗುತ್ತಿತ್ತು. ದುಬೈಯಲ್ಲಿ ಚಿನ್ನ ತರಿಸುವುದಕ್ಕೂ ಹೊರಗೆ ಕಳಿಸುವುದಕ್ಕೂ ಅಡ್ಡಿಯಿರಲಿಲ್ಲ. ಯುರೋಪಿನಿಂದ ಕಾನೂನುಬದ್ಧವಾಗಿ ಬಂದ ಹತ್ತು ತೊಲದ ಗಟ್ಟಿಗಳು ದುಬೈ ಖಾಡಿಯಲ್ಲಿ ಲಾಂಚು ಏರುತ್ತಿದ್ದವು. ದುಬೈನ ದೃಷ್ಟಿಯಲ್ಲಿ ಅದು ಮರುರಫ್ತು. ಭಾರತದ ಕಡಲಗಡಿ ದಾಟಿದ ಕೂಡಲೇ ಕಳ್ಳಸಾಗಣೆ. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡುವುದನ್ನೇ ನಿಷೇಧಿಸಿದವು. 1968ರಲ್ಲಿ ಕಾಯ್ದೆಯೂ ಬಂತು. ಮಗಳ ಮದುವೆಗೆ ಚಿನ್ನ ಬೇಕೇ ಬೇಕು ಎನ್ನುವ ದೇಶದಲ್ಲಿ ಇಂಥ ಕಾನೂನಿನಿಂದ ಲಾಭವಾದದ್ದು ಲಾಂಚಿನವರಿಗೆ.

ಇದರಿಂದ ಹುಟ್ಟಿದ ಒಂದು ವಿಚಿತ್ರ ನೋಟು ಇಂದು ಸಂಗ್ರಹಕಾರರ ಬಳಿ ಇದೆ. ಕಳ್ಳ ಚಿನ್ನಕ್ಕೆ ಕೊಟ್ಟ ರೂಪಾಯಿಗಳು ಕೊಲ್ಲಿಗೆ ಹೋಗಿ, ಅಲ್ಲಿನ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿ, ಬದಲಿಗೆ ಪೌಂಡು ಕೇಳುತ್ತಿದ್ದವು. ಭಾರತದ ವಿದೇಶಿ ವಿನಿಮಯ ಹೀಗೆ ಸೋರುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಕೊಲ್ಲಿಯಲ್ಲಿ ಮಾತ್ರ ನಡೆಯುವ ಪ್ರತ್ಯೇಕ ರೂಪಾಯಿ ನೋಟುಗಳನ್ನು ಬೇರೆ ಬಣ್ಣದಲ್ಲಿ, ಸಂಖ್ಯೆಯ ಮುಂದೆ ಝಡ್ ಅಕ್ಷರ ಸೇರಿಸಿ ಮುದ್ರಿಸಲಾಯಿತು. ಏಳು ವರ್ಷ ನಡೆಯಿತು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯ ಮಾಡಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಅದೇ ವರ್ಷ ದುಬೈ ರೂಪಾಯಿಯನ್ನು ಕೈಬಿಟ್ಟು ಕತಾರ್ ಜೊತೆಗೂಡಿ ಹೊಸ ರಿಯಾಲ್ ತಂದಿತು. 1973ರಲ್ಲಿ ದಿರ್ಹಮ್ ಬಂತು. ಇಂದು ಮಾಲಿನಲ್ಲಿ ನಿಂತು ದಿರ್ಹಮ್ಮನ್ನು ರೂಪಾಯಿಗೆ ಗುಣಿಸಿ ಬೆಚ್ಚಿಬೀಳುವ ಪ್ರವಾಸಿಗೆ, ಅವನ ಅಜ್ಜನ ಕಿಸೆಯಲ್ಲಿದ್ದ ನೋಟು ಅಲ್ಲಿ ಹಾಗೆಯೇ ನಡೆಯುತ್ತಿತ್ತೆಂದು ಗೈಡ್ ಹೇಳುವುದಿಲ್ಲ.

ಸಾಲ ಮಾಡಿ ಹೂಳೆತ್ತಿದ್ದು

1950ರ ದಶಕಕ್ಕೆ ಖಾಡಿಯ ಬಾಯಿ ಹೂಳಿನಿಂದ ಕಟ್ಟಿಕೊಳ್ಳುತ್ತಿತ್ತು. ದೊಡ್ಡ ದೋಣಿ ಒಳಗೆ ಬರದಿದ್ದರೆ ವ್ಯಾಪಾರವಿಲ್ಲ. 1958ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಶೀದ್ ಬಿನ್ ಸಯೀದ್ ಕುವೈತಿನಿಂದ ಸಾಲ ತಂದು ಹೂಳೆತ್ತಿಸಿದರು. 1961ರ ಹೊತ್ತಿಗೆ ಕೆಲಸ ಮುಗಿಯಿತು. ಎತ್ತಿದ ಮರಳನ್ನು ದಂಡೆಗೆ ಸುರಿದು ಹೊಸ ನೆಲ ಮಾಡಿದರು. 1960ರಲ್ಲಿ ಗಟ್ಟಿಮಾಡಿದ ಮರಳಿನ ರನ್‌ವೇ ಇದ್ದ ವಿಮಾನ ನಿಲ್ದಾಣ ತೆರೆಯಿತು. ಆಗಿನ್ನೂ ಮನೆಗಳಿಗೆ ಕುಡಿಯುವ ನೀರು ಬರುತ್ತಿದ್ದದ್ದು ಕತ್ತೆಗಳ ಬೆನ್ನಿನ ಮೇಲೆ, ಸೀಮೆಎಣ್ಣೆಯ ಖಾಲಿ ಡಬ್ಬಗಳಲ್ಲಿ.

ದುಬೈನ ಕಡಲಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಮೊದಲ ರಫ್ತು 1969ರಲ್ಲಿ. ಅಂದರೆ ಹೂಳೆತ್ತುವಿಕೆ, ವಿಮಾನ ನಿಲ್ದಾಣ, ಊರಿನ ಮೊದಲ ನಕ್ಷೆ ಎಲ್ಲವೂ ಎಣ್ಣೆಗೆ ಮೊದಲಿನವು. ಎಣ್ಣೆಯೂ ಅಬುಧಾಬಿಗೆ ಹೋಲಿಸಿದರೆ ಅಲ್ಪ. 1991ರಲ್ಲಿ ದಿನಕ್ಕೆ ಸುಮಾರು 4 ಲಕ್ಷ ಬ್ಯಾರೆಲ್ ಮುಟ್ಟಿದ ಮೇಲೆ ಅದು ಇಳಿಯತೊಡಗಿತು. ಆದರೆ ಆ ಹಣ ಹೋದ ಜಾಗ ಮುಖ್ಯ: 1972ರಲ್ಲಿ ಪೋರ್ಟ್ ರಶೀದ್, 1979ರಲ್ಲಿ ಜೆಬೆಲ್ ಅಲಿ ಬಂದರು, ಅದೇ ವರ್ಷ 39 ಮಹಡಿಯ ಟ್ರೇಡ್ ಸೆಂಟರ್, 1985ರಲ್ಲಿ ಸುಂಕರಹಿತ ವಲಯ ಮತ್ತು ಎಮಿರೇಟ್ಸ್ ವಿಮಾನ ಸಂಸ್ಥೆ. ಆ ಸಂಸ್ಥೆಯ ಮೊದಲ ವಿಮಾನ ಹಾರಿದ್ದು ಕರಾಚಿಗೆ; ಮುಂಬೈ, ದೆಹಲಿಗಳೂ ಆರಂಭದ ಊರುಗಳೇ. ಲಿಂಗಾದ ವ್ಯಾಪಾರಿಗಳನ್ನು ಕರೆಸಿಕೊಂಡ ಲೆಕ್ಕಾಚಾರವೇ ಈಗ ಕಂಟೇನರ್ ಹಡಗುಗಳಿಗೂ ವಿಮಾನಗಳಿಗೂ ಅನ್ವಯವಾಯಿತು.

ಪ್ರವಾಸಿಗಾಗಿ ಮಾಡಿದ ಕಡಲತೀರ

ಇಷ್ಟಾದರೂ ನೋಡಲೆಂದೇ ಇಲ್ಲಿಗೆ ಬರುವವರು ಕಡಿಮೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಯ ಊರಿಗೆ ರಜೆ ಕಳೆಯಲು ಯಾರು ಬರುತ್ತಾರೆ? ವಿಮಾನ ಬದಲಿಸುವವರು ಎರಡು ದಿನ ಉಳಿದರೆ ಸಾಕು ಎಂಬ ಹಂಚಿಕೆಯಿಂದ ಪ್ರವಾಸೋದ್ಯಮ ಶುರುವಾಯಿತು. 1988ರಲ್ಲಿ ಮರುಭೂಮಿಯಲ್ಲಿ ಹುಲ್ಲಿನ ಗಾಲ್ಫ್ ಮೈದಾನ, 1996ರಲ್ಲಿ ಶಾಪಿಂಗ್ ಫೆಸ್ಟಿವಲ್, 1999ರಲ್ಲಿ ಹಾಯಿಯ ಆಕಾರದ ಬುರ್ಜ್ ಅಲ್ ಅರಬ್. 321 ಮೀಟರ್ ಎತ್ತರದ ಆ ಹೋಟೆಲನ್ನು ದಡದಿಂದ ಆಚೆ ಕೃತಕ ದ್ವೀಪದ ಮೇಲೆ ಕಟ್ಟಿದರು. ಒಳಗೆ ಉಳಿಯಲು ಶಕ್ತಿಯಿರುವವರು ಕೆಲವರು. ದಡದಲ್ಲಿ ನಿಂತು ಅದನ್ನು ಹಿನ್ನೆಲೆಯಾಗಿಸಿ ಫೋಟೊ ತೆಗೆಯುವವರು ಲಕ್ಷಾಂತರ. ಊರಿಗೆ ಬೇಕಾಗಿದ್ದದ್ದು ಆ ಫೋಟೊವೇ.

2001ರಲ್ಲಿ ಪಾಮ್ ಜುಮೇರಾ ದ್ವೀಪದ ಕೆಲಸ ಶುರುವಾಯಿತು. ಇಲ್ಲೊಂದು ತಮಾಷೆಯಿದೆ. ಸುತ್ತ ಕಣ್ಣು ಹಾಯಿಸಿದಷ್ಟೂ ಮರಳು, ಆದರೆ ದ್ವೀಪ ಕಟ್ಟಲು ಅದು ಬಾರದು. ಗಾಳಿಗೆ ಉರುಳಿ ಉರುಳಿ ನುಣ್ಣಗೆ ದುಂಡಗಾದ ಮರುಭೂಮಿಯ ಕಣಗಳು ನೀರಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದಿಲ್ಲ. ಹಾಗಾಗಿ ಕೊಲ್ಲಿಯ ತಳದಿಂದ 9 ಕೋಟಿ ಘನ ಮೀಟರಿಗೂ ಹೆಚ್ಚು ಮರಳನ್ನು ಎತ್ತಿ ಸುರಿದರು. ಅಲೆ ತಡೆಯಲು ಸುತ್ತ 11 ಕಿಲೋಮೀಟರ್ ಉದ್ದದ ಕಲ್ಲಿನ ಅರ್ಧಚಂದ್ರ ಕಟ್ಟಿದರು. ಒಳಗಿನ ನೀರು ಹರಿಯದೆ ಕೊಳೆಯತೊಡಗಿದಾಗ ಆ ಕಟ್ಟೆಯಲ್ಲಿ ಕಿಂಡಿಗಳನ್ನು ಬಿಡಬೇಕಾಯಿತು.

2002ರಲ್ಲಿ ವಿದೇಶೀಯರೂ ಆಯ್ದ ಕಡೆ ಮನೆ ಕೊಳ್ಳಬಹುದೆಂದು ಆದೇಶವಾಯಿತು. ಸಾಲದ ಹಣ ಹೊಳೆಯಾಗಿ ಹರಿಯಿತು. 2009ರ ನವೆಂಬರಿನಲ್ಲಿ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಸಂಸ್ಥೆ ಸಾಲದ ಕಂತು ಮುಂದೂಡಬೇಕೆಂದು ಕೇಳಿತು. ಡಿಸೆಂಬರಿನಲ್ಲಿ ಅಬುಧಾಬಿ 1000 ಕೋಟಿ ಡಾಲರ್ ನೆರವು ಕೊಟ್ಟಿತು. ಮರು ತಿಂಗಳು, 2010ರ ಜನವರಿ 4ರಂದು, ಅದುವರೆಗೆ ಬುರ್ಜ್ ದುಬೈ ಎಂದು ಕರೆಸಿಕೊಳ್ಳುತ್ತಿದ್ದ ಗೋಪುರ ಉದ್ಘಾಟನೆಯಾದಾಗ ಅದರ ಹೆಸರು ಬುರ್ಜ್ ಖಲೀಫಾ ಎಂದಾಗಿತ್ತು. ಖಲೀಫಾ ಆಗ ಅಬುಧಾಬಿಯ ಆಳರಸರು.

828 ಮೀಟರ್

ಬುರ್ಜ್ ಖಲೀಫಾದ 124ನೇ ಮಹಡಿಗೆ ಲಿಫ್ಟು ಒಂದು ನಿಮಿಷದಲ್ಲಿ ಒಯ್ಯುತ್ತದೆ. ಕಟ್ಟಲು ಆರು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಹಗಲು ಕಾಂಕ್ರೀಟು ಸುರಿದರೆ ಬಿಸಿಲಿಗೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆಂದು ರಾತ್ರಿ ಹೊತ್ತು, ಮಂಜುಗಡ್ಡೆ ಬೆರೆಸಿ ಸುರಿಯುತ್ತಿದ್ದರು. ಕಾಂಕ್ರೀಟಿಗೆ ಇಷ್ಟು ಉಪಚಾರ. ಅದನ್ನು ಹೊತ್ತವರ ಬಗ್ಗೆ ವೀಕ್ಷಣಾ ಮಹಡಿಯ ಫಲಕಗಳಿಗಿಂತ ಹೆಚ್ಚು ಹೇಳುವುದು ಬೇರೆಯೇ ದಾಖಲೆಗಳು.

ಒಂದು ಹಂತದಲ್ಲಿ ಅಲ್ಲಿ 12 ಸಾವಿರದಷ್ಟು ಜನ ದುಡಿಯುತ್ತಿದ್ದರು; ಬಹುಪಾಲು ದಕ್ಷಿಣ ಏಷ್ಯಾದವರು. 2006ರ ಮಾರ್ಚಿನಲ್ಲಿ ಇದೇ ನಿವೇಶನದಲ್ಲಿ ಸಾವಿರಾರು ಕಾರ್ಮಿಕರು ಕೂಲಿ ಮತ್ತು ನಡೆಸಿಕೊಳ್ಳುವ ರೀತಿಯ ವಿರುದ್ಧ ಕೆಲಸ ನಿಲ್ಲಿಸಿ ಗಲಾಟೆ ಮಾಡಿದರು. ಅದೇ ವರ್ಷ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿ ಕಟ್ಟಡ ಕಾರ್ಮಿಕರ ಸ್ಥಿತಿಯನ್ನು ವಿವರಿಸಿತು: ತಿಂಗಳುಗಟ್ಟಲೆ ಬಾಕಿ ಉಳಿದ ಸಂಬಳ, ಮಾಲೀಕರು ಇಟ್ಟುಕೊಂಡ ಪಾಸ್‌ಪೋರ್ಟು, ಊರಿನಲ್ಲಿ ಏಜೆಂಟನಿಗೆ ಕಟ್ಟಿ ಬಂದ ಹಣದ ಸಾಲ. ನೇಮಕದ ಖರ್ಚು ಮಾಲೀಕನದ್ದೇ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಸಾಲ ಹುಟ್ಟುವುದು ದುಬೈಯಲ್ಲಲ್ಲ. ತೆಲಂಗಾಣದ, ಬಿಹಾರದ, ನೇಪಾಳದ ಹಳ್ಳಿಯಲ್ಲಿ. ವೀಸಾ ಮಾಲೀಕನ ಹೆಸರಿಗೆ ಅಂಟಿಕೊಂಡಿದ್ದರಿಂದ ಕೆಲಸ ಬಿಡುವುದೆಂದರೆ ದೇಶ ಬಿಡುವುದು ಎಂದಾಗಿತ್ತು. ಬಾಕಿ ತೀರುವ ತನಕ ಬೇರೆ ದೋಣಿ ಹತ್ತಲಾರದ ಮುತ್ತಿನ ಮುಳುಗುಗಾರನ ಕಥೆ ಓದಿದವರಿಗೆ ಇದು ಹೊಸದೆನಿಸದು.

ಆಮೇಲೆ ಬದಲಾವಣೆಗಳು ಬಂದಿವೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. 2009ರಿಂದ ಸಂಬಳ ಬ್ಯಾಂಕಿನ ಮೂಲಕ ಪಾವತಿಯಾಗುವ ವ್ಯವಸ್ಥೆ ಜಾರಿಗೆ ಬಂದಿದೆ. ಕೆಲಸ ಬದಲಿಸುವ ನಿಯಮಗಳೂ ಸಡಿಲಾಗಿವೆ. ಏಜೆಂಟನ ಸಾಲ ಮಾತ್ರ ಅಷ್ಟು ಸುಲಭಕ್ಕೆ ಕಾನೂನಿನ ಕೈಗೆ ಸಿಕ್ಕಿಲ್ಲ.

ಸಾವಿರಾರು ಕಾರ್ಮಿಕರು ವಾಸಿಸುವ ಒಂದು ಪ್ರದೇಶದ ಅಧಿಕೃತ ಹೆಸರು ಮುಹೈಸ್ನಾ. ಅಲ್ಲಿರುವವರು ಅದನ್ನು ಕರೆಯುವುದು ಸೋನಾಪುರ ಎಂದು. ಚಿನ್ನದ ಊರು. ಮುಂಬೈಯ ಹಳಬರಿಗೆ ಆ ಹೆಸರು ಕೇಳಿದರೆ ಮರೀನ್ ಲೈನ್ಸ್ ಬಳಿಯ ಸ್ಮಶಾನ ನೆನಪಾಗುತ್ತದೆ. ದುಬೈನ ಸೋನಾಪುರದಲ್ಲೂ ಅಂಥದ್ದೊಂದು ಕಟ್ಟಡವಿದೆ: ಅಲ್ಲಿ ತೀರಿಕೊಂಡ ವಿದೇಶೀಯರ ದೇಹಗಳನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕೆ ಕಳಿಸುವ ಕೇಂದ್ರ. ಸಿಟಿ ಟೂರ್ ಬಸ್ಸು ಆ ಕಡೆ ತಿರುಗುವುದಿಲ್ಲ.

ಕರ್ನಾಟಕದ ಕರಾವಳಿಗೆ ಈ ದಾರಿ ಚೆನ್ನಾಗಿ ಗೊತ್ತು. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಿಂದ 1970ರ ದಶಕದಿಂದಲೂ ಜನ ಕೊಲ್ಲಿಗೆ ಹೋಗುತ್ತಿದ್ದಾರೆ. ಮಂಗಳೂರಿನಿಂದ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ದಾರಿ ಮುಂಬೈ ಮೇಲೆ. ರಾತ್ರಿ ಬಸ್ಸಿನಲ್ಲಿ ಬಂದು, ಸಂಬಂಧಿಕರ ಖೋಲಿಯಲ್ಲಿ ಹಾಸಿಗೆ ಹಾಸಿ, ಏಜೆಂಟರ ಕಚೇರಿ, ಮೆಡಿಕಲ್ಲು, ಎಮಿಗ್ರೇಷನ್ ಮೊಹರು ಎಂದು ವಾರಗಟ್ಟಲೆ ಅಲೆದವರನ್ನು ಮುಂಬೈ ಕನ್ನಡಿಗರ ಎಷ್ಟೋ ಮನೆಗಳು ಕಂಡಿವೆ. ಬುರ್ಜ್ ಖಲೀಫಾ ಉದ್ಘಾಟನೆಯಾದ ವರ್ಷವೇ, ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕುಳಿದವರು ಎಂಟು ಮಂದಿ. ಊರಿಗೆಂದು ಹೊರಟ ದುಡಿಯುವವರು, ಅವರ ಹೆಂಡತಿ ಮಕ್ಕಳು. ದುಬೈ ಎಂದರೆ ಮಂಗಳೂರಿಗೆ ಪ್ರವಾಸದ ಊರಷ್ಟೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬನ್ನಿ ಮರ

ಪ್ಯಾಕೇಜಿನ ಕೊನೆಯ ಸಂಜೆ ಡೆಸರ್ಟ್ ಸಫಾರಿ. ದೊಡ್ಡ ಚಕ್ರದ ಜೀಪು ದಿಣ್ಣೆ ಹತ್ತಿ ಇಳಿದು ಹೊಟ್ಟೆ ತೊಳೆಸುತ್ತದೆ. ಆಮೇಲೆ ಡೇರೆ, ಒಂಟೆ ಸವಾರಿ, ಊಟ, ಬೆಲ್ಲಿ ಡಾನ್ಸ್. ಬೆಲ್ಲಿ ಡಾನ್ಸೂ, ಗಿರಗಿರ ತಿರುಗುವ ತನೂರಾ ಕುಣಿತವೂ ಈಜಿಪ್ಟಿನಿಂದ ಬಂದವು, ಇಲ್ಲಿನ ಬೆದೂಯಿನರವಲ್ಲ. "ಬರೀ ಮರಳು" ಎಂಬ ಕಥೆಗೆ ಒಪ್ಪುವಂತೆ ಮರುಭೂಮಿಯನ್ನೂ ಬರಿದು ಮಾಡಿ, ಮೇಲೆ ಬೇರೆಯದನ್ನು ಹಾಸಲಾಗಿದೆ.

ಆದರೆ ಜೀಪಿನ ಕಿಟಕಿಯಿಂದ ನೋಡಿದರೆ ಅಲ್ಲಲ್ಲಿ ಒಂಟಿಯಾಗಿ ನಿಂತ ಮುಳ್ಳಿನ ಮರಗಳು ಕಾಣುತ್ತವೆ. ಅರಬ್ಬರು ಅದನ್ನು ಘಾಫ್ ಎನ್ನುತ್ತಾರೆ. ಅದು ಆ ದೇಶದ ರಾಷ್ಟ್ರೀಯ ಮರ. ನೆಲದಾಳಕ್ಕೆ ಬೇರು ಇಳಿಸಿ ನೀರು ಹುಡುಕುತ್ತದೆ. ಒಂಟೆ, ಆಡುಗಳಿಗೆ ಮೇವು, ಮನುಷ್ಯರಿಗೆ ನೆರಳು ಮತ್ತು ಸೌದೆ. ಮರುಭೂಮಿಯ ಪಂಚಾಯ್ತಿಗಳು ಕೂಡುತ್ತಿದ್ದದ್ದೂ ಅದರಡಿಯಲ್ಲೇ. ರಾಜಸ್ಥಾನದಲ್ಲಿ ಇದೇ ಖೇಜ್ರಿ. ಕನ್ನಡದಲ್ಲಿ ಬನ್ನಿ. ವಿಜಯದಶಮಿಯ ದಿನ ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ" ಎನ್ನುವ ಅದೇ ಮರ. ಚಿನ್ನದ ಪೇಟೆಯಿಂದ ಬಂದ ಕನ್ನಡದ ಪ್ರವಾಸಿ ಅದನ್ನು ಗುರುತಿಸದೆ ದಾಟಿಹೋಗುತ್ತಾನೆ.

ಆ ಮರ ಬದುಕಿರುವುದು ನೀರಿನ ಲೆಕ್ಕ ತಿಳಿದು. ಊರು ಬದುಕಿರುವುದು ಸಮುದ್ರದ ನೀರಿನ ಉಪ್ಪು ತೆಗೆದು. ನದಿಯಿಲ್ಲದ, ವರ್ಷಕ್ಕೆ 100 ಮಿಲಿಮೀಟರಿನಷ್ಟೂ ಸರಿಯಾಗಿ ಮಳೆಯಾಗದ ಆ ಊರಿನ ನಲ್ಲಿಗಳಲ್ಲಿ, ಕಾರಂಜಿಗಳಲ್ಲಿ ಹರಿಯುವುದು ಹೆಚ್ಚಿನಂಶ ಹೀಗೆ ಮಾಡಿದ ನೀರು. ಆ ಯಂತ್ರಗಳಿಗೆ ಇಂಧನ ಬೇಕು. 2024ರ ಏಪ್ರಿಲ್ 16ರಂದು, 1949ರಲ್ಲಿ ದಾಖಲೆ ಇಡಲು ತೊಡಗಿದಂದಿನಿಂದ ಕಾಣದಷ್ಟು ಮಳೆ ಆ ದೇಶದಲ್ಲಿ ಸುರಿಯಿತು. ಹೆದ್ದಾರಿಗಳಲ್ಲಿ ಕಾರು ತೇಲಿದವು. ವಿಮಾನ ನಿಲ್ದಾಣದಲ್ಲಿ ಜನ ದಿನಗಟ್ಟಲೆ ನೆಲದ ಮೇಲೆ ಮಲಗಿದರು. ನೀರಿಲ್ಲವೆಂದುಕೊಂಡು ಕಟ್ಟಿದ ಊರಿಗೆ ನೀರು ಹೋಗಲು ದಾರಿ ಸಾಲದಾಯಿತು. ಅಷ್ಟರಲ್ಲೇ ಚೇತರಿಸಿಕೊಂಡ ಊರೂ ಅದೇ. ಮುತ್ತು ಹೋದಾಗ, ಸಾಲ ಕುತ್ತಿಗೆಗೆ ಬಂದಾಗ ಎದ್ದದ್ದು ಹೇಗೋ ಹಾಗೆಯೇ: ಹೊರಗಿನವರು ಮತ್ತೆ ಬಂದರು.

ದುಬೈನ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊರದೇಶದವರು. ಲಿಂಗಾದಿಂದ ಬಂದವರು, ಸಿಂಧಿನಿಂದ ಬಂದವರು, ಭಟ್ಕಳದಿಂದ ಬಂದವರು, ನಿನ್ನೆ ರಾತ್ರಿಯ ವಿಮಾನದಲ್ಲಿ ಬಂದವರು. ಹಳೆಯ ವ್ಯಾಪಾರಿ ಮನೆತನಗಳು ಅಲ್ಲಿನವರೇ ಆದವು. ಈಗ ದುಡಿಯಲು ಬರುವವರಲ್ಲಿ ಬಹುತೇಕರು ಎಷ್ಟು ವರ್ಷ ಇದ್ದರೂ ಕೊನೆಗೆ ಊರಿಗೆ ಮರಳಲೇಬೇಕು. ಆ ಊರು ಪ್ರವಾಸಿಗೆ ಐದು ದಿನ ಕೊಡುತ್ತದೆ, ಕಾರ್ಮಿಕನಿಗೆ ಹತ್ತಿಪ್ಪತ್ತು ವರ್ಷ. ಇಬ್ಬರೂ ಮರಳುವುದು ಒಮ್ಮೊಮ್ಮೆ ಒಂದೇ ವಿಮಾನದಲ್ಲಿ. ಒಬ್ಬನ ಚೀಲದಲ್ಲಿ ಖರ್ಜೂರ, ಬುರ್ಜ್ ಖಲೀಫಾದ ಪುಟ್ಟ ಗೊಂಬೆ. ಇನ್ನೊಬ್ಬನ ಪೆಟ್ಟಿಗೆಯಲ್ಲಿ ಹಗ್ಗ ಬಿಗಿದ ಕಂಬಳಿ, ಮಕ್ಕಳಿಗೆ ಚಾಕಲೇಟು. "ಹೇಗಿತ್ತು ದುಬೈ?" ಎಂದು ಮನೆಯವರು ಕೇಳಿದಾಗ ಮೊದಲನೆಯವನು ಬರೀ ಮರಳಿದ್ದ ಊರಿನ ಕಥೆ ಶುರುಮಾಡುತ್ತಾನೆ. ಎರಡನೆಯವನನ್ನೂ ಒಮ್ಮೆ ಕೇಳಿ ನೋಡಬೇಕು.